ಮೇ 5ರ ಮಕ್ಕಳ ಹಬ್ಬ ಹುಡುಗರದ್ದು ಮಾತ್ರವೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನವರು. ಯಜಮಾನರ ಕೆಲಸದಿಂದಾಗಿ ಟೋಕಿಯೊಗೆ ಬಂದು ನಿಶಿ-ಕಸಾಯ್‌ನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮಗಳಿಗೆ ಐದು ವರ್ಷ, ಮಗನಿಗೆ ಹತ್ತು ತಿಂಗಳು. ಏಪ್ರಿಲ್ ಬಂದಾಗಿನಿಂದ ಎಲ್ಲಿ ನೋಡಿದರೂ ಬಟ್ಟೆಯ ಮೀನುಗಳು ಹಾರುತ್ತಿವೆ. ಮೊನ್ನೆ ಪಕ್ಕದ ಮನೆಯ ಅಜ್ಜಿ ಮಗನ ಕೆನ್ನೆ ಸವರಿ, "ಇದು ಇವನ ಮೊದಲ ಹಬ್ಬ" ಅಂತ ಒಂದು ಪುಟ್ಟ ಮೀನು ಕೊಟ್ಟರು. ಮಗಳು ಅಲ್ಲೇ ನಿಂತಿದ್ದವಳು "ನಂಗೆ?" ಅಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಂಗಡಿಯಲ್ಲಿ ಯುದ್ಧದ ಟೋಪಿಯ ಬೆಲೆ ನೋಡಿ ಎದೆ ಧಸಕ್ಕೆಂದಿತು. ಇದು ಹುಡುಗರ ಹಬ್ಬವೋ, ಎಲ್ಲ ಮಕ್ಕಳದ್ದೋ? ಮನೆಯಲ್ಲಿ ಏನೇನು ಮಾಡಬೇಕು? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ, ಹಬ್ಬದ ತಿಂಡಿ ನಮಗೆ ಆಗುತ್ತಾ? ಅಜ್ಜಿಗೆ ತಿರುಗಿ ಏನು ಕೊಡಬೇಕು?

ಉತ್ತರ: ಮಗಳ ಪ್ರಶ್ನೆಯಿಂದಲೇ ಶುರು ಮಾಡೋಣ. ಅವಳು ಕೇಳಿದ್ದು ಸರಿಯಾಗಿಯೇ ಇದೆ.

ಕಾನೂನಿನ ಪ್ರಕಾರ ಮೇ 5 ಎಲ್ಲ ಮಕ್ಕಳದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಜಪಾನ್ ರಜಾದಿನಗಳಿಗೆ ಹೊಸ ಕಾನೂನು ಮಾಡಿತು. ಆಗ ಮೇ 5ಕ್ಕೆ 'ಕೊಡೊಮೊ ನೊ ಹಿ', ಅಂದರೆ ಮಕ್ಕಳ ದಿನ ಅಂತ ಹೆಸರಿಟ್ಟರು. ಈ ರಜೆ ಯಾತಕ್ಕೆ ಅನ್ನುವುದನ್ನೂ ಕಾನೂನೇ ಹೇಳುತ್ತದೆ. ಮಕ್ಕಳ ವ್ಯಕ್ತಿತ್ವಕ್ಕೆ ಬೆಲೆ ಕೊಡಬೇಕು, ಅವರು ಸುಖವಾಗಿರುವಂತೆ ನೋಡಿಕೊಳ್ಳಬೇಕು, ಜೊತೆಗೆ ತಾಯಿಗೆ ಕೃತಜ್ಞತೆ ಹೇಳಬೇಕು. ಗಂಡು, ಹೆಣ್ಣು ಅನ್ನುವ ಮಾತೇ ಅಲ್ಲಿಲ್ಲ. ತಾಯಿಗೆ ಕೃತಜ್ಞತೆ ಅನ್ನುವ ತುಂಡು ಎಷ್ಟೋ ಜಪಾನೀಯರಿಗೇ ನೆನಪಿರುವುದಿಲ್ಲ. ನೀವು ಯಜಮಾನರಿಗೆ ತಪ್ಪದೆ ನೆನಪಿಸಿ. ಅವತ್ತಿನ ಅಡುಗೆ ಅವರದ್ದಾಗಲಿ.

ಹಾಗಿದ್ದರೆ ಅಂಗಡಿ ತುಂಬ ಯುದ್ಧದ ಟೋಪಿ, ಕತ್ತಿ, ಬಿಲ್ಲು ಯಾಕೆ? ಯಾಕೆಂದರೆ ಈ ದಿನ ಖಾಲಿ ಇರಲಿಲ್ಲ. ಅದಕ್ಕೆ ಮುಂಚಿನಿಂದಲೂ 'ತಾಂಗೊ ನೊ ಸೆಕ್ಕು' ಅನ್ನುವ ಹಬ್ಬವಿತ್ತು. ಎದೊ ಕಾಲದಲ್ಲಿ (1603-1868) ಶೋಗನ್, ಅಂದರೆ ಸೇನಾಧಿಪತಿಗಳ ಸರ್ಕಾರ ವರ್ಷಕ್ಕೆ ಐದು ಹಬ್ಬಗಳನ್ನು ಅಧಿಕೃತವಾಗಿ ಆಚರಿಸುತ್ತಿತ್ತು. ಅದರಲ್ಲಿ ಮೂರನೇ ತಿಂಗಳ ಮೂರನೇ ದಿನ ಹುಡುಗಿಯರ ಬೊಂಬೆ ಹಬ್ಬವಾಗಿ ಬೆಳೆಯಿತು. ಐದನೇ ತಿಂಗಳ ಐದನೇ ದಿನ ಹುಡುಗರದ್ದಾಯಿತು. ಸಮುರಾಯ್ ಮನೆಗಳಲ್ಲಿ ಗಂಡುಮಗು ಇದ್ದರೆ ಆ ದಿನ ಮನೆತನದ ಲಾಂಛನವಿರುವ ಬಾವುಟ, ಕವಚ, ಶಿರಸ್ತ್ರಾಣಗಳನ್ನು ಮನೆ ಮುಂದೆ ಇಡುತ್ತಿದ್ದರು. 1948ರಲ್ಲಿ ಹೆಸರು ಬದಲಾಯಿತು, ಸಾಮಾನು ಬದಲಾಗಲಿಲ್ಲ. ಮಾರ್ಚ್ 3ರ ಹುಡುಗಿಯರ ಹಬ್ಬ ಈಗಲೂ ಇದೆ, ಆದರೆ ಅದಕ್ಕೆ ಸರ್ಕಾರಿ ರಜೆ ಇಲ್ಲ. ಹುಡುಗರ ದಿನಕ್ಕೆ ರಜೆ ಕೊಟ್ಟು ಅದನ್ನೇ ಎಲ್ಲರ ದಿನ ಅಂದುಬಿಟ್ಟರು. ಇದು ಅಷ್ಟೇನೂ ನ್ಯಾಯವಲ್ಲ ಅಂತ ನನಗೂ ಅನ್ನಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಮಗಳಿಗೆ ಅರ್ಧ ಉತ್ತರ ಕೊಟ್ಟಂತೆ. ಸಮುರಾಯ್‌ಗಳು ಬರುವುದಕ್ಕೂ ಮೊದಲು ಈ ದಿನ ಕತ್ತಿಗೆ ಸಂಬಂಧಪಟ್ಟದ್ದೇ ಅಲ್ಲ. ಅದು ಗಿಡಮೂಲಿಕೆಯ ದಿನ.

ಹಳೆಯ ಚಾಂದ್ರಮಾನ ಪಂಚಾಂಗದಲ್ಲಿ ಐದನೇ ತಿಂಗಳು ಅಂದರೆ ಮಳೆಗಾಲದ ಶುರು. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಜ್ಯೇಷ್ಠ ಶುದ್ಧ ಪಂಚಮಿ. ಸೆಕೆ, ತೇವ, ಹುಳಹುಪ್ಪಟೆ, ಜ್ವರ. ಚೀನಾದಲ್ಲಿ ಇದನ್ನು ಕೆಟ್ಟ ತಿಂಗಳು ಅನ್ನುತ್ತಿದ್ದರು. ಘಾಟು ವಾಸನೆಯ ಸೊಪ್ಪು ಬಾಗಿಲಿಗೆ ಸಿಕ್ಕಿಸಿ ರೋಗ ಓಡಿಸುವ ಪದ್ಧತಿ ಅಲ್ಲಿಂದ ಜಪಾನಿಗೆ ಬಂತು. 611ರಲ್ಲಿ, ಸುಯಿಕೊ ಸಾಮ್ರಾಜ್ಞಿಯ ಕಾಲದಲ್ಲಿ, ಇದೇ ಐದನೇ ತಿಂಗಳ ಐದನೇ ದಿನ ಆಸ್ಥಾನದವರು ಈಗಿನ ನಾರಾ ಸೀಮೆಯ ಉದಾ ಬಯಲಿಗೆ ಔಷಧಿ ಸಂಗ್ರಹಕ್ಕೆ ಹೋದ ದಾಖಲೆ ಇದೆ. ಸಾಮ್ರಾಜ್ಞಿಯ ಹೆಸರಿನೊಂದಿಗೆ ಶುರುವಾಗುವ ಹಬ್ಬವನ್ನು ಹುಡುಗರದ್ದು ಅನ್ನುವುದು ಹೇಗೆ, ಅಲ್ವಾ?

ಹಳ್ಳಿಗಳಲ್ಲೂ ಒಂದು ಪದ್ಧತಿ ಇತ್ತು. ಗದ್ದೆ ನಾಟಿ ಹೆಂಗಸರ ಕೆಲಸ. ನಾಟಿಗೆ ಮುಂಚೆ, ಈ ಹಬ್ಬದ ಹಿಂದಿನ ರಾತ್ರಿ, ಕೆಲವು ಕಡೆ ಸೂರಿಗೆ ಸೊಪ್ಪು ಹಾಕಿ ಮನೆಯೊಳಗೆ ಹೆಂಗಸರು ಮಾತ್ರ ಇರುತ್ತಿದ್ದರು. ಆ ರಾತ್ರಿ ಮನೆ ಅವರದ್ದೇ. ಗಂಡಸರು ಹೊರಗೆ.

ಆ ಸೊಪ್ಪಿನ ಹೆಸರು ಶೋಬು. ಅದೇನು ಗೊತ್ತಾ? ನಮ್ಮ ಬಜೆ. ಅಜ್ಜಿಯಂದಿರು ತೇಯ್ದು ಕೂಸಿನ ನಾಲಿಗೆಗೆ ಸವರುತ್ತಿದ್ದ, ಮಣಿ ಪೋಣಿಸಿ ಕೈಗೆ ಕಟ್ಟುತ್ತಿದ್ದ ಅದೇ ಬಜೆ. ನಾವು ಬೇರು ಇಟ್ಟುಕೊಂಡೆವು, ಅವರು ಎಲೆ ಇಟ್ಟುಕೊಂಡರು. ಎರಡೂ ಕಡೆ ಮಕ್ಕಳಿಗೆ ಕಾಯಿಲೆ ತಗುಲದಿರಲಿ ಅನ್ನುವುದೇ ಆಸೆ. ಜಪಾನಿನ ಹಬ್ಬದಲ್ಲಿ ನಮ್ಮ ತೊಟ್ಟಿಲಿನ ವಾಸನೆ ಸಿಗುವುದು ನನಗಂತೂ ಬಹಳ ಇಷ್ಟದ ಸಂಗತಿ. ಶೋಬು ಅಂದರೆ ಕೇಳುವುದಕ್ಕೆ ಯುದ್ಧೋತ್ಸಾಹ ಅನ್ನುವ ಇನ್ನೊಂದು ಪದದ ಹಾಗೆಯೇ ಇರುವುದರಿಂದ ಸಮುರಾಯ್‌ಗಳು ಇದನ್ನು ತಮ್ಮದಾಗಿಸಿಕೊಂಡರು. ಎಲೆಯ ಆಕಾರವೂ ಕತ್ತಿಯಂತೆಯೇ.

ಹಾಗಾಗಿ ಏನೇನು ಮಾಡಬೇಕು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಒಂದೇ ಒಂದು ಮಾಡುವುದಾದರೆ ಶೋಬು-ಯು ಮಾಡಿ, ಅಂದರೆ ಶೋಬು ಎಲೆಯ ಸ್ನಾನ. ಇಡೀ ಹಬ್ಬದಲ್ಲಿ ಇದೇ ಅತ್ಯಂತ ಹಳೆಯ ಎಳೆ, ಅತ್ಯಂತ ಅಗ್ಗ, ಗಂಡು ಹೆಣ್ಣು ಭೇದ ಇಲ್ಲವೇ ಇಲ್ಲ.

ಏಪ್ರಿಲ್ ಕೊನೆಯಿಂದ ಸೂಪರ್ ಮಾರ್ಕೆಟ್ಟಿನ ತರಕಾರಿ ಇಟ್ಟಿರುವ ಕಡೆ ಉದ್ದನೆಯ ಹಸಿರು ಎಲೆಗಳ ಕಟ್ಟು ಕಾಣುತ್ತದೆ. ಈರುಳ್ಳಿ ಸೊಪ್ಪು ಅಂದುಕೊಂಡು ದಾಟಿ ಹೋಗಬೇಡಿ. ಬುಡದಲ್ಲಿ ಸ್ವಲ್ಪ ಕೆಂಪು, ಬೇರು ಹತ್ತಿರವಿದ್ದರೆ ಪರಿಮಳ ಜಾಸ್ತಿ. ಕೆಲವು ಕಟ್ಟುಗಳಲ್ಲಿ ಯೊಮೊಗಿ ಸೊಪ್ಪೂ ಇರುತ್ತದೆ. ಅದು ನಮ್ಮ ಮಾಚಿಪತ್ರೆಯ ಬಳಗದ್ದು. ಒಂದು ಎಚ್ಚರ: ಹೂವಿನ ಅಂಗಡಿಯಲ್ಲಿ ನೇರಳೆ ಹೂವಿನ ಹನಾ-ಶೋಬು ಸಿಗುತ್ತದೆ. ಹೆಸರು ಒಂದೇ ಥರ, ಎಲೆಯೂ ಒಂದೇ ಥರ, ಗಿಡ ಮಾತ್ರ ಬೇರೆ. ಅದು ಹೂದಾನಿಗೆ ಸರಿ, ಸ್ನಾನಕ್ಕಲ್ಲ. ಎಲೆ ಹೊಸಕಿ ಮೂಸಿ ನೋಡಿ. ಬಜೆಯ ಘಾಟು ಬಂದರೆ ಅದೇ.

ಎಲೆಗಳನ್ನು ತೊಳೆದು, ಕಟ್ಟು ಬಿಚ್ಚದೆ, ಟಬ್ಬಿಗೆ ಬಿಸಿನೀರು ಬಿಡುವಾಗಲೇ ಹಾಕಿ. ಮೊದಲಿಂದಲೇ ಬಿಸಿಯಲ್ಲಿ ನೆನೆದರೆ ಪರಿಮಳ ಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ನೀರು ಹದಕ್ಕೆ ಬಂದ ಮೇಲೆ ಮಕ್ಕಳನ್ನು ಇಳಿಸಿ. ಕಟ್ಟು ಬಿಚ್ಚಬೇಡಿ ಅಂದಿದ್ದು ಸುಮ್ನೆ ಅಲ್ಲ. ಚೂರುಗಳು ನೀರು ಹೋಗುವ ಜಾಲರಿಗೆ ಸಿಕ್ಕಿಕೊಳ್ಳುತ್ತವೆ. ಪುಟ್ಟ ಮಗುವಿನ ಚರ್ಮ ಸೂಕ್ಷ್ಮ. ಮೊದಲು ಸ್ವಲ್ಪ ನೀರನ್ನು ಕಾಲಿಗೆ ಹಾಕಿ ನೋಡಿ, ಕೆಂಪಾದರೆ ಅವನಿಗೆ ಬರೀ ನೀರೇ ಸಾಕು. ಎಲೆಯನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಬಜೆ ಅಂತ ಗೊತ್ತಾದ ತಕ್ಷಣ ತೇಯ್ದು ನೆಕ್ಕಿಸುವ ಆಸೆ ಬಂದರೆ ದಯವಿಟ್ಟು ಬೇಡ, ಅದು ಸ್ನಾನದ ಎಲೆ. ಮಗಳಿಗೆ ಒಂದು ಎಲೆ ತೆಗೆದು ತಲೆಗೆ ಪಟ್ಟಿಯಂತೆ ಕಟ್ಟಿ. ಹಾಗೆ ಕಟ್ಟಿಕೊಂಡರೆ ಬುದ್ಧಿ ಚುರುಕಾಗುತ್ತದೆ, ತಲೆನೋವು ಬರುವುದಿಲ್ಲ ಅಂತ ಜಪಾನಿನ ಅಜ್ಜಿಯರು ಹೇಳುತ್ತಾರೆ. ಟಬ್ ಚಿಕ್ಕದಾದರೆ ಸೆಂತೊ, ಅಂದರೆ ಸಾರ್ವಜನಿಕ ಸ್ನಾನದ ಮನೆಗೆ ಹೋಗಿ. ಆ ದಿನ ಬಹಳಷ್ಟು ಸೆಂತೊಗಳಲ್ಲಿ ಶೋಬು ಹಾಕಿರುತ್ತಾರೆ. ಮಕ್ಕಳಿಗೆ ಪುಕ್ಕಟೆ ಅನ್ನುವ ಕಡೆಗಳೂ ಇವೆ.

ಈಗ ಮೀನಿಗೆ ಬರೋಣ. ಕೊಯಿನೊಬೊರಿ ಅನ್ನುವ ಈ ಬಟ್ಟೆ ಮೀನು ಶುರುವಾಗಿದ್ದು ಎದೊ ಊರಿನ, ಅಂದರೆ ಹಳೆಯ ಟೋಕಿಯೊದ, ವ್ಯಾಪಾರಿಗಳ ಮನೆಗಳಲ್ಲಿ. ಸಮುರಾಯ್‌ಗಳು ಲಾಂಛನದ ಬಾವುಟ ಏರಿಸಿದರೆ, ಇವರು ಕೊಯಿ ಮೀನು ಏರಿಸಿದರು. ಹಳದಿ ನದಿಯಲ್ಲಿ ಡ್ರ್ಯಾಗನ್ ದ್ವಾರ ಅನ್ನುವ ಜಲಪಾತವಿದೆ, ಅದನ್ನು ಎದುರೀಜಿ ಹತ್ತಿದ ಮೀನು ಡ್ರ್ಯಾಗನ್ ಆಗುತ್ತದೆ ಅನ್ನುವ ಚೀನೀ ಕಥೆ ಅದರ ಹಿಂದಿದೆ. ಮಗ ಮೇಲೆ ಬರಲಿ ಅಂತ. ಆಗ ಇದ್ದದ್ದು ಕಪ್ಪು ಮೀನು ಮಾತ್ರ. ಹಿರೊಶಿಗೆ ಅನ್ನುವ ಚಿತ್ರಕಾರ 1857ರಲ್ಲಿ ಮಾಡಿದ, ಎದೊದ ಸುಯಿದೊಬಾಶಿ ಅನ್ನುವ ಜಾಗದ ಮರದಚ್ಚಿನ ಚಿತ್ರದಲ್ಲಿ ದೊಡ್ಡದೊಂದು ಕಪ್ಪು ಮೀನು ಇಡೀ ಚಿತ್ರವನ್ನೇ ತುಂಬಿಕೊಂಡಿದೆ. ದೂರದಲ್ಲಿ ಫುಜಿ ಬೆಟ್ಟ ಪುಟ್ಟದಾಗಿ ಕಾಣುತ್ತದೆ.

ಎದೊ ಕಾಲದ ನಂತರದ ಮೆಯಿಜಿ ಕಾಲದಲ್ಲಿ (1868-1912) ಕೆಂಪು ಮೀನು ಸೇರಿತು. 1931ರ ಒಂದು ಮಕ್ಕಳ ಹಾಡಿನಲ್ಲಿ ಕಪ್ಪು ಮೀನು ಅಪ್ಪ, ಪುಟ್ಟ ಕೆಂಪು ಮೀನುಗಳು ಮಕ್ಕಳು. ಅಮ್ಮನ ಸುದ್ದಿಯೇ ಇಲ್ಲ. ಜಪಾನಿನ ಪ್ರತಿ ಮಗುವಿಗೂ ಈಗಲೂ ಬರುವ ಹಾಡು ಅದು. ನಿಮ್ಮ ಮಗಳೂ ಹೊಯಿಕುಎನ್ (ಶಿಶುವಿಹಾರ) ಅಥವಾ ಯೊಚಿಎನ್‌ನಲ್ಲಿ (ಕಿಂಡರ್‌ಗಾರ್ಟನ್) ಕಲಿತು ಬಂದಿರುತ್ತಾಳೆ. ಯುದ್ಧದ ನಂತರವೇ ಕೆಂಪು ಮೀನು ಅಮ್ಮನಾಗಿ, ಮಕ್ಕಳಿಗೆ ನೀಲಿ, ಹಸಿರು, ಕಿತ್ತಳೆ, ಗುಲಾಬಿ ಬಣ್ಣಗಳು ಬಂದದ್ದು. ಈಗ ಕಂಬದ ತುದಿಯಲ್ಲಿ ಗಿರಗಿರ ತಿರುಗುವ ಚಕ್ರ, ಅದರ ಕೆಳಗೆ ಕೆಟ್ಟದ್ದನ್ನು ಓಡಿಸುವ ಐದು ಬಣ್ಣದ ಪಟ್ಟಿ, ಆಮೇಲೆ ಕಪ್ಪು, ಕೆಂಪು, ನಂತರ ವಯಸ್ಸಿಗೆ ತಕ್ಕಂತೆ ಮಕ್ಕಳ ಮೀನು. ಹೆಣ್ಣುಮಕ್ಕಳಿಗೂ ಒಂದೊಂದು ಹಾಕುವ ಮನೆಗಳು ಈಗ ಬೇಕಾದಷ್ಟಿವೆ. ಅಂದರೆ ನಿಮ್ಮ ಕಂಬದಲ್ಲಿ ಮಗಳ ಮೀನು ತಮ್ಮನ ಮೀನಿಗಿಂತ ಮೇಲೆ ಬರಬೇಕು, ದೊಡ್ಡದಾಗಿಯೂ ಇರಬೇಕು. ಬಣ್ಣ ಅವಳೇ ಆರಿಸಲಿ. ಅಜ್ಜಿ ಕೊಟ್ಟ ಪುಟ್ಟ ಮೀನು ತಮ್ಮನಿಗೆ. "ನಂಗೆ?" ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಗೆ ಸಿಕ್ಕಿಸುವ ಚಿಕ್ಕ ಸೆಟ್ ಸಿಗುತ್ತದೆ. ತರುವ ಮೊದಲು ಕಟ್ಟಡದ ನಿಯಮ ಕೇಳಿ. ಕಟಕಟೆಯಿಂದ ಆಚೆಗೆ ಏನೂ ಚಾಚಬಾರದು ಅನ್ನುವ ಕಡೆಗಳಿವೆ. ಮೇ ತಿಂಗಳ ಗಾಳಿ ಜೋರು. ಕಂಬದ ತಿರುಪು ಬಿಗಿಯಾಗಿರಲಿ, ಮಳೆಗೂ ರಾತ್ರಿಗೂ ಒಳಗೆ ತನ್ನಿ. ಒದ್ದೆಯಾದ ಮೀನುಗಳನ್ನು ಒಂದರ ಮೇಲೊಂದು ಬಿಟ್ಟರೆ ಬಣ್ಣ ಹತ್ತಿಕೊಳ್ಳುತ್ತದೆ. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವೆ ಯಾವಾಗ ಬೇಕಾದರೂ ಏರಿಸಬಹುದು, ಮೇ ಮಧ್ಯದೊಳಗೆ ಒಂದು ಬಿಸಿಲಿನ ದಿನ ನೋಡಿ ತೆಗೆದರಾಯಿತು. ಮಾರ್ಚ್‌ನ ಬೊಂಬೆಗಳನ್ನು ತಡವಾಗಿ ಎತ್ತಿಟ್ಟರೆ ಮಗಳ ಮದುವೆ ತಡವಾಗುತ್ತದೆ ಅನ್ನುವ ಹೆದರಿಕೆ ಇದೆಯಲ್ಲ, ಹುಡುಗರ ಸಾಮಾನಿಗೆ ಅಂಥದ್ದೇನೂ ಇಲ್ಲ. ಇದೊಂದು ಕಡೆಯೂ ಹುಡುಗರಿಗೆ ರಿಯಾಯಿತಿ!

ಅಂದ ಹಾಗೆ, ಶುಭ್ರ ನೀಲಿ ಆಕಾಶದಲ್ಲಿ ಮೀನು ಹಾರುವ ಚಿತ್ರ ಇದೆಯಲ್ಲ, ಅದು ಪಂಚಾಂಗ ಬದಲಾಗಿದ್ದರ ಫಲ. 1873ರಲ್ಲಿ ಜಪಾನ್ ಇಂಗ್ಲಿಷ್ ಕ್ಯಾಲೆಂಡರಿಗೆ ಬಂತು. ಮೊದಲು ಜೂನ್ ಮಳೆಯ ಹೊತ್ತಿಗೆ ಬೀಳುತ್ತಿದ್ದ ಹಬ್ಬ ಮೇ ಬಿಸಿಲಿಗೆ ಜಾರಿತು. ಅದಕ್ಕೆ ಮುಂಚಿನ ಮೀನುಗಳು ಮಳೆಯಲ್ಲೇ ತೋಯುತ್ತಿದ್ದವು.

ಹಳ್ಳಿ ಮನೆಗಳ ಎತ್ತರದ ಕಂಬಗಳು ಈಗ ಕಡಿಮೆ. ಕಾರಣ ಸರಳ, ಮಕ್ಕಳೇ ಕಡಿಮೆ. ಪ್ರತಿ ವರ್ಷ ಈ ಹಬ್ಬದ ಹೊತ್ತಿಗೆ ಸರ್ಕಾರ 15 ವರ್ಷದೊಳಗಿನವರ ಲೆಕ್ಕ ಹೇಳುತ್ತದೆ. 1982ರಿಂದ ಆ ಸಂಖ್ಯೆ ಇಳಿಯುತ್ತಲೇ ಇದೆ. 2025ರಲ್ಲಿ ಸುಮಾರು 1 ಕೋಟಿ 36 ಲಕ್ಷ. ಮಕ್ಕಳು ದೊಡ್ಡವರಾದ ಮನೆಗಳಲ್ಲಿ ಪೆಟ್ಟಿಗೆ ಸೇರಿದ ಮೀನುಗಳನ್ನು ಒಟ್ಟು ಮಾಡಿ ನದಿಯ ಮೇಲೆ ಹಗ್ಗ ಕಟ್ಟಿ ಹಾರಿಸುವ ಪದ್ಧತಿ ಕೊಚಿ ಸೀಮೆಯ ಶಿಮಾಂತೊ ನದಿಯಲ್ಲಿ 1974ರಲ್ಲಿ ಶುರುವಾಯಿತು. ಈಗ ಎಷ್ಟೋ ಊರುಗಳಲ್ಲಿದೆ. ನಿಮಗೆ ಹತ್ತಿರ ಬೇಕೆಂದರೆ ಟೋಕಿಯೊ ಟವರ್. ಅದರ ಎತ್ತರ 333 ಮೀಟರ್, ಹಾಗಾಗಿ ಬುಡದಲ್ಲಿ 333 ಮೀನು ಕಟ್ಟುತ್ತಾರೆ. ಸ್ವಲ್ಪ ದೂರ ಹೋಗುವಿರಾದರೆ ಸಾಯಿತಾಮಾ ಸೀಮೆಯ ಕಜೊ ಪಟ್ಟಣ. ಅಲ್ಲಿ ತೊನೆ ನದಿಯ ದಂಡೆಯಲ್ಲಿ 100 ಮೀಟರ್ ಉದ್ದದ ಒಂದೇ ಮೀನನ್ನು ಕ್ರೇನಿನಿಂದ ಎತ್ತುತ್ತಾರೆ. ಗಾಳಿ ಮನಸ್ಸು ಮಾಡಿದರೆ ಅದರ ಹೊಟ್ಟೆ ಉಬ್ಬುತ್ತದೆ, ಇಲ್ಲದಿದ್ದರೆ ಬಟ್ಟೆ ಒಗೆದು ನೇತುಹಾಕಿದ ಹಾಗಿರುತ್ತದೆ. ಹಮಾಮತ್ಸುವಿನಲ್ಲಿ ಮೇ 3ರಿಂದ 5ರವರೆಗೆ ಮೀನಿಗಿಂತ ಗಾಳಿಪಟ ಮುಖ್ಯ. ಚೊಚ್ಚಲ ಮಗುವಿನ ಹೆಸರು ಬರೆದ ದೊಡ್ಡ ಪಟವನ್ನು ಓಣಿಯವರೆಲ್ಲ ಸೇರಿ ಸಮುದ್ರ ದಂಡೆಯಲ್ಲಿ ಏರಿಸುತ್ತಾರೆ. ಈ ರಜೆಯ ವಾರದಲ್ಲಿ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹತ್ತು ತಿಂಗಳ ಕೂಸಿನೊಂದಿಗೆ ನಾನಾದರೆ ಹತ್ತಿರದ್ದನ್ನೇ ನೋಡುತ್ತೇನೆ.

ಕಬುತೊ, ಅಂದರೆ ನೀವು ನೋಡಿದ ಆ ಯುದ್ಧದ ಟೋಪಿ, ಕೊಳ್ಳಲೇಬೇಕೆಂದಿಲ್ಲ. ಹತ್ತಾರು ಸಾವಿರ ಯೆನ್‌ನಿಂದ ಶುರುವಾಗಿ ಲಕ್ಷ ದಾಟುವ ಸಾಮಾನು ಅದು. ಅರ್ಧಚಂದ್ರದ ಕೊಂಬಿನದ್ದು ದಾತೆ ಮಸಾಮುನೆ ಎಂಬ ಸರದಾರನ ಶೈಲಿ, ಬೆಲೆಯೂ ಜೋರು, ಬೇಡಿಕೆಯೂ ಜೋರು. ಸಾಮಾನ್ಯವಾಗಿ ಇದನ್ನು ಮಗುವಿನ ಅಜ್ಜ ಅಜ್ಜಿ ಕೊಡಿಸುತ್ತಾರೆ. ಎಷ್ಟೋ ಕಡೆ ತಾಯಿಯ ತವರಿನವರು. ತೊಟ್ಟಿಲು, ಬಳೆ ತವರಿನಿಂದಲೇ ಬರಬೇಕು ಅನ್ನುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆ ಚಿಕ್ಕದು, ಮುಂದೆ ಊರಿಗೆ ಮರಳುವಾಗ ಸಾಗಿಸುವ ಕಷ್ಟ ಬೇರೆ. ಸುಮ್ನೆ ದಿನಪತ್ರಿಕೆಯಲ್ಲಿ ಮಾಡಿ. ಜಪಾನಿನ ಮಕ್ಕಳೂ ಮಾಡುವುದು ಅದನ್ನೇ.

ಒಂದು ಪುಟವನ್ನು ಸುಮಾರು 40 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ. ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ, ಮಡಿಕೆ ಮೇಲೆ, ಚೂಪು ಕೆಳಗೆ. ಎಡ ಬಲ ತುದಿಗಳನ್ನು ಕೆಳಗಿನ ಚೂಪಿಗೆ ತಂದು ಸೇರಿಸಿ. ಆ ಎರಡನ್ನೂ ಮತ್ತೆ ಮೇಲಿನ ತುದಿಗೆ ಎತ್ತಿ ಮಡಚಿ. ಈಗ ಆ ತುದಿಗಳನ್ನು ಓರೆಯಾಗಿ ಹೊರಗೆ ಬಾಗಿಸಿ, ಕೊಂಬು ಬಂತು. ಕೆಳಗೆ ಎರಡು ಪದರ ಉಳಿದಿರುತ್ತದೆ. ಮುಂದಿನದನ್ನು ಒಂದು ಅಂಚು ಬಿಟ್ಟು ಮೇಲೆ ಮಡಚಿ, ಆ ಅಂಚನ್ನು ಇನ್ನೊಂದು ಸುತ್ತು ಮಡಚಿದರೆ ಹಣೆಪಟ್ಟಿ. ಹಿಂದಿನ ಪದರವನ್ನು ಒಳಗೆ ತೂರಿಸಿ. ಐದು ವರ್ಷದ ತಲೆಗೆ ಇದು ಸರಿಯಾಗಿ ಕೂರುತ್ತದೆ. ಅಪ್ಪನಿಗೂ ಬೇಕೆಂದರೆ ಜೋಡಿ ಪುಟದ ಹಾಳೆಯಿಂದ ಇನ್ನೂ ದೊಡ್ಡ ಚೌಕ ಕತ್ತರಿಸಿ. ಊರಿನಿಂದ ಬಂದ ಉಪ್ಪಿನಕಾಯಿ ಡಬ್ಬಿಗೆ ಸುತ್ತಿದ ಕನ್ನಡ ಪತ್ರಿಕೆ ಇದ್ದರೆ ಅದರಲ್ಲೇ ಮಾಡಿ, ಚೆನ್ನಾಗಿ ಕಾಣುತ್ತದೆ.

ತಿಂಡಿಯ ವಿಷಯದಲ್ಲಿ ನೀವು ಪುಣ್ಯವಂತರು. ಹಬ್ಬದ ಮುಖ್ಯ ಸಿಹಿ ಕಶಿವಾ ಮೊಚಿ. ಅಕ್ಕಿ ಹಿಟ್ಟಿನ ಕಣಕ, ಒಳಗೆ ಅಜುಕಿ ಕಾಳಿನ ಸಿಹಿ ಹೂರಣ, ಹೊರಗೆ ಓಕ್ ಜಾತಿಯ ಕಶಿವಾ ಮರದ ಎಲೆ. ಕೊಟ್ಟೆ ಕಡುಬು, ಅರಿಶಿನ ಎಲೆ ಕಡುಬು ತಿಂದವರಿಗೆ ಎಲೆಯ ವಾಸನೆ ಹಿಡಿದ ಹಿಟ್ಟಿನ ರುಚಿ ಗೊತ್ತು. ಹೊಸ ಚಿಗುರು ಬರುವವರೆಗೆ ಹಳೆಯ ಎಲೆ ಉದುರದ ಮರ ಅದು. ಹಾಗಾಗಿ ವಂಶ ಮುಂದುವರಿಯಲಿ ಅನ್ನುವ ಹಾರೈಕೆ. ಮಾಮೂಲಿ ಕಶಿವಾ ಮೊಚಿಗೆ ಮೊಟ್ಟೆ ಹಾಕುವುದಿಲ್ಲ. ಆದರೂ ಪೊಟ್ಟಣದ ಚೀಟಿ ಒಮ್ಮೆ ಓದಿ. ಹೂರಣ ನುಣ್ಣಗೆ ಅರೆದದ್ದು ಒಂದು, ಕಾಳು ಕಾಳಾಗಿರುವುದು ಇನ್ನೊಂದು. ಮಿಸೊ, ಅಂದರೆ ಹುದುಗಿಸಿದ ಸೋಯಾ ಮುದ್ದೆ, ಹಾಕಿದ ಸಿಹಿ ಉಪ್ಪಿನ ಮೂರನೆಯದೂ ಟೋಕಿಯೊದಲ್ಲಿ ಸಿಗುತ್ತದೆ. ನನ್ನ ಓಟು ಅದಕ್ಕೇ. ಎಲೆ ತಿನ್ನಬೇಡಿ, ಬಿಡಿಸಿ ತಿನ್ನುವುದು. ಹತ್ತು ತಿಂಗಳ ಮಗುವಿಗೆ ಮೊಚಿ ಬೇಡವೇ ಬೇಡ. ಅಂಟಿಕೊಂಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಗಳಿಗೂ ಚಿಕ್ಕ ಚಿಕ್ಕ ತುಂಡು ಮಾಡಿ, ಪಕ್ಕದಲ್ಲೇ ಕೂತು ತಿನ್ನಿಸಿ.

ಕ್ಯೋಟೊ, ಒಸಾಕಾ ಕಡೆ ಇದರ ಬದಲು ಚಿಮಾಕಿ ಹೆಚ್ಚು. ಬಿದಿರು ಜಾತಿಯ ಎಲೆಯಲ್ಲಿ ಉದ್ದಕ್ಕೆ ಸುತ್ತಿದ ಸಿಹಿ ಹಿಟ್ಟು. ಇಲ್ಲಿ ಎಚ್ಚರ ಬೇಕು. ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಚೀನೀ ಶೈಲಿಯ ಚಿಮಾಕಿ ಇರುತ್ತದೆ, ತ್ರಿಕೋನಾಕಾರದ್ದು, ಒಳಗೆ ಸಾಮಾನ್ಯವಾಗಿ ಹಂದಿ ಮಾಂಸ.

ಇನ್ನು ಪಕ್ಕದ ಮನೆ ಅಜ್ಜಿ. ಮಗು ಹುಟ್ಟಿದ ಮೇಲಿನ ಮೊದಲ ಹಬ್ಬಕ್ಕೆ 'ಹತ್ಸು-ಝೆಕ್ಕು' ಅನ್ನುತ್ತಾರೆ. ಹತ್ತಿರದವರು ಏನಾದರೂ ಕೊಡುವುದು ರೂಢಿ, ನೀವು ಮಾಡಿದ ಪುಣ್ಯ ಅಂತಲೇ ತಿಳಿಯಿರಿ. ತಿರುಗಿ ದುಬಾರಿ ಉಡುಗೊರೆ ಕೊಡಬೇಡಿ. ಹಾಗೆ ಕೊಟ್ಟರೆ ಅವರು ಮತ್ತೆ ಏನಾದರೂ ತರಬೇಕಾಗುತ್ತದೆ, ಅದು ಮುಗಿಯದ ಲೆಕ್ಕ. ಮೇ 5ರ ಬೆಳಿಗ್ಗೆ ಒಂದು ಪುಟ್ಟ ಡಬ್ಬಿ ಕಶಿವಾ ಮೊಚಿ ತಂದು ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿ ಕೊಡಿ. ಮನೆಯಲ್ಲೇ ಮಾಡಿದ್ದು ಕೊಡುವ ಆಸೆಯಿದ್ದರೆ ರವೆ ಉಂಡೆ ಆಗಬಹುದು, ತುಪ್ಪ ಸಕ್ಕರೆ ಸ್ವಲ್ಪ ಕಡಿಮೆ ಇರಲಿ. ನಮ್ಮ ಹದ ಅವರಿಗೆ ವಿಪರೀತ ಸಿಹಿ ಅನ್ನಿಸುತ್ತದೆ. ಅದರಲ್ಲಿ ಗೋಡಂಬಿ, ಹಾಲು ಇದೆ ಅನ್ನುವುದನ್ನು ಚೀಟಿಯಲ್ಲಿ ಬರೆದಿಡಿ. ಮೀನು ಬಾಲ್ಕನಿಯಲ್ಲಿ ಹಾರುತ್ತಿರುವ ಫೋಟೊ ಒಂದು ಮೊಬೈಲಿನಲ್ಲಿರಲಿ, ಅಜ್ಜಿ ಖಂಡಿತ ಕೇಳುತ್ತಾರೆ.